ವಿದ್ಯುತ್ತಿನ ಹೊಂದಾಣಿಕೆಯ ಹೊರೆ: ಶಿವನಸಮುದ್ರದಿಂದ ಯಡ್ತರೆಯವರೆಗೆ

ವಿದ್ಯುಚ್ಛಕ್ತಿಯು ಬತ್ತದಂತೆ ಕಣಜದಲ್ಲಿ ಸುಲಭವಾಗಿ ಕೂಡಿಡತಕ್ಕ ವಸ್ತುವಲ್ಲ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿದೂಗಬೇಕು; ಬಳಕೆ ಮಿಕ್ಕರೆ ಜಾಲದ ಆವರ್ತನವು 50 ಹರ್ಟ್ಜ್‌ನಿಂದ ಕೆಳಗಿಳಿಯುತ್ತದೆ. ಈ ಹೊಂದಾಣಿಕೆಯ ಹೊರೆಯನ್ನು ಯಾರು ಹೊರಬೇಕೆಂಬುದು ಎಂಜಿನಿಯರರ ಪ್ರಶ್ನೆ ಮಾತ್ರವಲ್ಲ, ಇತಿಹಾಸದ ಪ್ರಶ್ನೆಯೂ ಹೌದು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಗಣಿಗಳ ಬೇಡಿಕೆ ಹಗಲಿರುಳೂ ಒಂದೇ ಸಮ. ಕಾವೇರಿಯಾದರೋ ಬೇಸಗೆಯಲ್ಲಿ ಬಡವಾಗುತ್ತಿದ್ದಳು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಈ ಕೊರತೆಯನ್ನು ನೀಗುವುದೂ ಒಂದಾಗಿದ್ದಿತು. ಪ್ರಬಲನಾದ ಬಳಕೆದಾರನು ಬದಲಾಗಲಿಲ್ಲ, ನದಿಯೇ ಬದಲಾಯಿತು. ಘಟ್ಟದ ಬುಡದ ಹೊಸಂಗಡಿಯಲ್ಲಿ, 460 ಮೆಗಾವಾಟಿನ ವಾರಾಹಿ ಭೂಗತ ವಿದ್ಯುದಾಗಾರವೂ ಸಂಜೆಯ ಬೇಡಿಕೆ ಏರಿದಾಗ ಕೆಲವೇ ನಿಮಿಷಗಳಲ್ಲಿ ಕೈಗೂಡುವ ಶಕ್ತಿಯೇ ಆಗಿದೆ.

ನೀರಾವರಿ ಪಂಪುಸೆಟ್ಟುಗಳ ಕತೆ ಬೇರೆ. ಅವುಗಳಿಗೆ ಗೊತ್ತಾದ ಕೆಲವು ಗಂಟೆಗಳ ಕಾಲ ಮಾತ್ರ ಮೂರು ಫೇಸಿನ ಪೂರೈಕೆ. ಉಳಿದ ಹೊತ್ತು ದೀಪಕ್ಕಷ್ಟೇ ಸಾಲುವ ಒಂದೇ ಫೇಸು. ಕರೆಂಟು ರಾತ್ರಿ ಬಂದರೆ ರೈತನು ಟಾರ್ಚು ಹಿಡಿದು, ಹಾವು ಚೇಳುಗಳ ಅಂಜಿಕೆಯಲ್ಲಿ ಹೊಲಕ್ಕೆ ನಡೆಯಬೇಕಾಗುತ್ತಿದ್ದಿತು. ಜಾಲವನ್ನು ಕಾಪಾಡಿದವರಲ್ಲಿ ಅವನೂ ಒಬ್ಬನೆಂಬುದನ್ನು ಯಾವ ವರದಿಯೂ ಹೀಗೆ ಬಣ್ಣಿಸುವುದಿಲ್ಲ! ಮುಂದೆ ನಿರಂತರ ಜ್ಯೋತಿ ಯೋಜನೆಯು ಮನೆಗಳ ಫೀಡರನ್ನೂ ಪಂಪುಗಳ ಫೀಡರನ್ನೂ ಬೇರ್ಪಡಿಸಿತು. ಮನೆಗಳು ಒತ್ತಾಗಿ, ಹೊಲಗಳು ಊರಾಚೆಗಿರುವ ಬಯಲುಸೀಮೆಗೆ ಇದು ಒಪ್ಪುವ ಕ್ರಮ. ಬೈಂದೂರಿನ ಮಗ್ಗುಲ ಯಡ್ತರೆಯಂಥ ಕರಾವಳಿಯ ಊರಿನಲ್ಲಿ ಮನೆಯು ತೋಟದೊಳಗೇ ಇರುತ್ತದೆ. ಅಲ್ಲಿ ತಂತಿಯನ್ನು ಇಬ್ಬಗೆ ಮಾಡುವುದು ಸುಲಭವಲ್ಲ.

ಆದ್ದರಿಂದಲೇ ಉಪಕರಣವನ್ನೇ ವಿವೇಕಿಯನ್ನಾಗಿಸುವ ವಿಚಾರ ಇಲ್ಲಿಗೆ ಪ್ರಸ್ತುತವೆಂದು ನನ್ನ ಅಭಿಪ್ರಾಯ. ಅಮೆರಿಕದ ಎಂ.ಐ.ಟಿ.ಯ ಫ್ರೆಡ್ ಶ್ವೆಪ್ಪೆ ಆವರ್ತನ ಕುಸಿದಾಗ ತಾನೇ ಬಳಕೆಯನ್ನು ಮುಂದೂಡುವ ಸಾಧನಕ್ಕೆ 1982ರಲ್ಲಿ ಪೇಟೆಂಟು ಪಡೆದರು. ನೀರು ಕಾಯಿಸುವ ಗೀಸರು, ತಂಗಳ ಪೆಟ್ಟಿಗೆ, ತೋಟದ ಪಂಪು ಇವು ಹತ್ತು ನಿಮಿಷ ಕಾಯಬಲ್ಲವು. ಓದುವ ಹುಡುಗನ ದೀಪ ಕಾಯಲಾರದು. ಇಡೀ ಫೀಡರನ್ನು ಆರಿಸುವ ಕೈಗೆ ಈ ಭೇದ ತಿಳಿಯದು.

2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ಉಳಿದ ಭಾರತದ ಜಾಲಕ್ಕೆ ಜೋಡಣೆಗೊಂಡು, ದೇಶವೆಲ್ಲ ಒಂದೇ ಆವರ್ತನಕ್ಕೆ ಮಿಡಿಯತೊಡಗಿತು. 2023ರ ಕೇಂದ್ರ ನಿಯಮಗಳು ಸೌರ ವಿದ್ಯುತ್ತು ಹೇರಳವಾದ ಹಗಲಿಗೆ ಅಗ್ಗದ ದರವನ್ನೂ, ಬೇಡಿಕೆ ಹೆಚ್ಚಿದ ಹೊತ್ತಿಗೆ ಏರಿದ ದರವನ್ನೂ ವಿಧಿಸಿದವು. ಕೃಷಿ ಗ್ರಾಹಕರನ್ನು ಮಾತ್ರ ಈ ಕಟ್ಟಳೆಯಿಂದ ಹೊರಗಿರಿಸಲಾಯಿತು: ದಂಡ ತಪ್ಪಿತು, ಕಾದದ್ದಕ್ಕೆ ಸಲ್ಲಬೇಕಾದ ಪ್ರತಿಫಲವೂ ತಪ್ಪಿತು.