ಹರೂದ್: ದಾಲ್ ಸರೋವರದ ಮೇಲೊಂದು ದಸರಾ ರಜೆ

ಕಾಶ್ಮೀರಿಗಳ ಬಾಯಲ್ಲಿ ಶರತ್ಕಾಲದ ಹೆಸರು ಹರೂದ್. ಸೆಪ್ಟೆಂಬರಿನಲ್ಲಿ ಭತ್ತದ ಕೊಯ್ಲು ಶುರುವಾಗುತ್ತದೆ. ಅಕ್ಟೋಬರ್ ಕಳೆಯುವಷ್ಟರಲ್ಲಿ ಚಿನಾರ್ ಎಲೆಗಳು ಹಳದಿಯಿಂದ ಕೆಂಪಿಗೆ ತಿರುಗುತ್ತವೆ, ಪಾಂಪೋರಿನ ಒಣ ದಿಬ್ಬಗಳ ಮೇಲೆ ಕೇಸರಿ ಹೂ ಅರಳುತ್ತದೆ. ಮನೆಮನೆಯಲ್ಲೂ ಸೋರೆಕಾಯಿ, ಬದನೆ, ಟೊಮೆಟೊ ಹೆಚ್ಚಿ ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುತ್ತಾರೆ. ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಅಡುಗೆಮನೆಗೆ ಅದೇ ಆಧಾರ. ದಕ್ಷಿಣದಿಂದ ದಸರಾ ರಜೆಗೆ ಬರುವ ಕುಟುಂಬಗಳು ಶ್ರೀನಗರದ ದಾಲ್ ಸರೋವರದ ದಡದಲ್ಲಿ ಇಳಿಯುವುದು ಈ ಹೊತ್ತಿಗೇ. ಬಂದವರಿಗೆ ಅದು ವಿರಾಮದ ವಾರ, ಊರಿನವರಿಗೆ ಚಳಿಗಾಲದ ದಾಸ್ತಾನು ಕೂಡಿಡುವ ಕೊನೆಯ ಅವಕಾಶ. ಈ ಇಬ್ಬರನ್ನೂ ಒಂದೇ ಹಲಗೆಯ ಎರಡು ತುದಿಗೆ ತಂದು ನಿಲ್ಲಿಸಿದ್ದು ದೋಣಿಮನೆ, ಅಂದರೆ ಹೌಸ್‌ಬೋಟ್.

ಈ ಋತುವನ್ನು ಹುಡುಕಿಕೊಂಡು ಬಂದ ಕುಟುಂಬಗಳಲ್ಲಿ ಮೊಘಲರದು ದೊಡ್ಡ ಹೆಸರು. 1586ರಲ್ಲಿ ಅಕ್ಬರನ ಸೈನ್ಯ ಕಾಶ್ಮೀರವನ್ನು ಗೆದ್ದಿತು. ಅವನ ಮಗ ಜಹಾಂಗೀರ್ 1620ರ ವಸಂತದಲ್ಲಿ ಬಂದವನು ಶರತ್ಕಾಲದವರೆಗೂ ಕಣಿವೆಯಲ್ಲೇ ಉಳಿದ. ದಾಲ್ ದಂಡೆಯ ಶಾಲಿಮಾರ್ ತೋಟ ಅವನ ಕಾಲದ್ದು. ನಿಶಾತ್ ತೋಟ ಕಟ್ಟಿಸಿದವನು ನೂರ್ ಜಹಾನಳ ಅಣ್ಣ ಆಸಫ್ ಖಾನ್. ಹೊರಡುವ ಮುನ್ನ ಪಾಂಪೋರಿನ ಕೇಸರಿ ಹೊಲ ನೋಡಲು ಹೋದಾಗ ಹೂವಿನ ಘಾಟಿಗೆ ಪರಿವಾರದವರಿಗೆಲ್ಲ ತಲೆನೋವು ಬಂತೆಂದು ಜಹಾಂಗೀರ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಪ್ರವಾಸದ ನೆನಪಿನಲ್ಲಿ ಇಂಥ ಸಣ್ಣ ತೊಂದರೆಗಳೇ ಉಳಿಯುವುದು ಅಂದಿಗೂ ಇಂದಿಗೂ ಒಂದೇ.

ಆ ಕೇಸರಿಯ ಸುದ್ದಿ ಕನ್ನಡ ನಾಡಿಗೆ ಅದಕ್ಕೂ ಐದು ಶತಮಾನ ಮೊದಲೇ ತಲುಪಿತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಕವಿ ಬಿಲ್ಹಣ ಕಾಶ್ಮೀರದವನು. ಮಥುರೆ, ಕನೌಜ್, ಕಾಶಿಗಳನ್ನು ದಾಟಿ ಇಂದಿನ ಬಸವಕಲ್ಯಾಣಕ್ಕೆ ಬಂದು ನೆಲೆಸಿ, ಅರಸನ ಮೇಲೆ ‘ವಿಕ್ರಮಾಂಕದೇವಚರಿತ’ ಬರೆದ. ಆ ಕಾವ್ಯದ ಕೊನೆಯ ಸರ್ಗದಲ್ಲಿ ಅವನ ಮನಸ್ಸು ಹುಟ್ಟೂರಿಗೆ ಓಡುತ್ತದೆ. ಶ್ರೀನಗರದ ಬಳಿಯ ಖೊನಮುಖದಲ್ಲಿ ಒಂದು ಕಡೆ ಕೇಸರಿ, ಇನ್ನೊಂದು ಕಡೆ ದ್ರಾಕ್ಷಿ ಬೆಳೆಯುತ್ತದೆಂದು ನೆನೆಯುತ್ತಾನೆ. ಆ ಊರು ಇಂದಿಗೂ ಖೊನಮೊಹ್ ಎಂಬ ಹೆಸರಿನಲ್ಲಿದೆ, ಪಾಂಪೋರಿನ ಹತ್ತಿರವೇ. ಕೊಡುಕೊಳ್ಳುವಿಕೆ ಒಮ್ಮುಖವಾಗಿರಲಿಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆಳಿದ ಕಾಶ್ಮೀರದ ಅರಸ ಹರ್ಷ ಕರ್ಣಾಟದ ಮಾದರಿಯ ನಾಣ್ಯಗಳನ್ನು ಹೊರಡಿಸಿದನೆಂದು ಕಲ್ಹಣನ ‘ರಾಜತರಂಗಿಣಿ’ ಹೇಳುತ್ತದೆ.

ಸಾಮಾನ್ಯ ಕುಟುಂಬಗಳ ರಜೆಯ ಕಥೆ ಮಾತ್ರ ಬಹಳ ಈಚಿನದು, ಮತ್ತು ಅದು ಒಂದು ನಿರ್ಬಂಧದಿಂದ ಶುರುವಾಗುತ್ತದೆ. 1846ರ ಅಮೃತಸರ ಒಪ್ಪಂದದಲ್ಲಿ ಜಮ್ಮುವಿನ ಗುಲಾಬ್ ಸಿಂಗ್ 75 ಲಕ್ಷ ನಾನಕ್‌ಶಾಹಿ ರೂಪಾಯಿಗೆ ಬ್ರಿಟಿಷರಿಂದ ಕಾಶ್ಮೀರವನ್ನು ಪಡೆದ. ಪಂಜಾಬಿನ ಸೆಕೆ ತಾಳಲಾರದ ಬ್ರಿಟಿಷ್ ಅಧಿಕಾರಿಗಳು ಹೆಂಡತಿ ಮಕ್ಕಳೊಂದಿಗೆ ಕಣಿವೆಗೆ ಬರಲಾರಂಭಿಸಿದರು. ಆದರೆ ಹೊರಗಿನವರು ಅಲ್ಲಿ ಜಮೀನು ಕೊಳ್ಳುವಂತಿರಲಿಲ್ಲ. ಆರಂಭದ ದಶಕಗಳಲ್ಲಿ ಚಳಿಗಾಲ ಕಳೆಯಲೂ ಅವರಿಗೆ ಅನುಮತಿ ಇರಲಿಲ್ಲ. ಹರೂದ್ ಮುಗಿಯುವ ಮುನ್ನ ಗಂಟುಮೂಟೆ ಕಟ್ಟಬೇಕಿತ್ತು.

ನೆಲ ಸಿಗದವರ ಕಣ್ಣು ನೀರಿನ ಮೇಲೆ ಬಿತ್ತು. ಜೀಲಂ ನದಿ ಮತ್ತು ದಾಲ್ ಸರೋವರದ ಮೇಲೆ ಹಾಂಜಿಗಳೆಂಬ ದೋಣಿಗಾರ ಸಮುದಾಯ ತಲೆತಲಾಂತರದಿಂದ ಬಾಳುತ್ತಿತ್ತು. ಚಾಪೆಯ ಮಾಡಿನ, ಚಪ್ಪಟೆ ತಳದ ‘ಡೂಂಗಾ’ ಎಂಬ ಉದ್ದನೆಯ ದೋಣಿಯೇ ಅವರ ಮನೆ. ಪ್ರವಾಸಿಗಳು ಮೊದಲು ಅದನ್ನೇ ಬಾಡಿಗೆಗೆ ಹಿಡಿದರು. 1880ರ ದಶಕದಲ್ಲಿ ಡೂಂಗಾಕ್ಕೆ ಹಲಗೆಯ ಗೋಡೆ, ಕಿಟಕಿ, ಕೋಣೆಗಳು ಬಂದವು. ಮೊದಲ ಹೌಸ್‌ಬೋಟಿನ ಗೌರವವನ್ನು ಕೆಲವರು ಎಂ.ಟಿ. ಕೆನಾರ್ಡ್ ಎಂಬ ಇಂಗ್ಲಿಷಿನವನಿಗೆ ಕೊಡುತ್ತಾರೆ, ಕೆಲವರು ನಾರಾಯಣದಾಸ್ ಎಂಬ ಕಾಶ್ಮೀರಿ ಪಂಡಿತ ವ್ಯಾಪಾರಿಗೆ. ಆಲೋಚನೆ ಯಾರದೇ ಆಗಿರಲಿ, ಉಳಿಯ ಕೆಲಸ ಸ್ಥಳೀಯ ಬಡಗಿಗಳದು. ನೀರಿನಲ್ಲಿ ಬೇಗ ಕೊಳೆಯದ ದೇವದಾರು ಮರದ ಒಡಲು, ಸಣ್ಣ ಸಣ್ಣ ಮರದ ತುಂಡುಗಳನ್ನು ಜೋಡಿಸಿದ ‘ಖತಂಬಂದ್’ ಚಾವಣಿ, ಅಕ್ರೋಟು ಮರದ ಕೆತ್ತನೆಯ ಮೇಜು ಕುರ್ಚಿ. 1890ರ ದಶಕದಲ್ಲಿ ರಾವಲ್ಪಿಂಡಿಯಿಂದ ಜೀಲಂ ಕಣಿವೆಯ ಗಾಡಿರಸ್ತೆ ಶ್ರೀನಗರ ಮುಟ್ಟಿತು. ಬರುವವರ ಸಂಖ್ಯೆಯ ಜೊತೆಗೆ ದೋಣಿಮನೆಗಳೂ ಹೆಚ್ಚಿದವು.

1947ರಲ್ಲಿ ಆ ರಸ್ತೆ ಹೊಸ ಗಡಿಗೆ ಸಿಕ್ಕಿ ಮುಚ್ಚಿತು. ಬ್ರಿಟಿಷ್ ಕುಟುಂಬಗಳೂ ಹೋದವು. ಪಠಾಣಕೋಟ್, ಜಮ್ಮು, ಬನಿಹಾಲ್ ಮಾರ್ಗವೇ ಕಣಿವೆಯ ಜೀವನಾಡಿಯಾಯಿತು. 1956ರ ಡಿಸೆಂಬರಿನಲ್ಲಿ ಜವಾಹರ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಆ ದಾರಿ ನಡೆಯತೊಡಗಿತು. 1964ರ ‘ಕಾಶ್ಮೀರ್ ಕೀ ಕಲಿ’, ಮರುವರ್ಷದ ‘ಜಬ್ ಜಬ್ ಫೂಲ್ ಖಿಲೇ’ ಸಿನಿಮಾಗಳು ಶಿಕಾರ ದೋಣಿಯನ್ನು ದೇಶದ ಮೂಲೆಮೂಲೆಗೆ ಪರಿಚಯಿಸಿದವು. ಸಾಹೇಬರು ಕೂತಿದ್ದ ಕುರ್ಚಿಗಳಿಗೆ ಮುಂಬಯಿ, ಕಲ್ಕತ್ತಾ, ಮದರಾಸಿನ ಮಧ್ಯಮವರ್ಗ ಬಂತು, ಜೊತೆಗೆ ಉಪ್ಪಿನಕಾಯಿ ಭರಣಿ, ಉಣ್ಣೆ ಟೋಪಿ, ಸರ್ಕಾರಿ ನೌಕರರ ಎಲ್‌ಟಿಸಿ ಕಾಗದ. ದಸರಾ, ಪೂಜೆ, ದೀಪಾವಳಿಯ ರಜೆಗಳು ಒಂದರ ಹಿಂದೆ ಒಂದು ಬೀಳುವುದರಿಂದ ಶರತ್ಕಾಲವೇ ಗೃಹಸ್ಥರ ಋತುವಾಯಿತು.

ಹೌಸ್‌ಬೋಟಿನೊಳಗಿನ ವ್ಯವಸ್ಥೆ ಆ ದಿನಗಳಿಂದ ಹೆಚ್ಚು ಬದಲಾಗಿಲ್ಲ. ಮುಂದೆ ಜಗಲಿ, ಆಮೇಲೆ ಬೈಠಕ್‌ಖಾನೆ, ಊಟದ ಕೋಣೆ, ಸಾಲಾಗಿ ಮಲಗುವ ಕೋಣೆಗಳು. ಅಡುಗೆ ಮಾತ್ರ ಅಲ್ಲಿ ಆಗುವುದಿಲ್ಲ. ಹಿಂದೆ ಕಟ್ಟಿದ ಡೂಂಗಾದಲ್ಲೋ ಪಕ್ಕದ ದಡದ ಗುಡಿಸಿಲಲ್ಲೋ ಮಾಲೀಕನ ಸಂಸಾರ ಇರುತ್ತದೆ. ಅನ್ನ, ರಾಜ್ಮಾ, ತಾವರೆ ದಂಟಿನ ‘ನದ್ರು’ ಪಲ್ಯ ಅಲ್ಲಿಂದ ಹಲಗೆ ದಾಟಿ ಬರುತ್ತವೆ. ಅಕ್ಟೋಬರಿನ ರಾತ್ರಿ ತಾಪಮಾನ ಒಂದಂಕಿಗೆ ಇಳಿದಾಗ ಅತಿಥಿಗಳ ಕೋಣೆಯಲ್ಲಿ ‘ಬುಖಾರಿ’ ಒಲೆ ಉರಿಯುತ್ತದೆ. ಹಿಂದಿನ ದೋಣಿಯಲ್ಲಿ ಫೆರನ್ನಿನೊಳಗೆ ಇಟ್ಟುಕೊಂಡ ಕಾಂಗ್ಡಿಯ ಕೆಂಡವೇ ಬಿಸುಪು. ಒಂದು ಕುಟುಂಬದ ವಾರದ ರಜೆ ಇನ್ನೊಂದು ಕುಟುಂಬದ ವರ್ಷದ ಗಳಿಕೆ ಎಂಬುದು ಆ ಹಲಗೆಯ ಅಗಲದಲ್ಲೇ ಕಾಣುತ್ತದೆ.

ಆ ಗಳಿಕೆ ಎಷ್ಟು ಬೇಗ ಒಣಗಬಲ್ಲುದೆಂಬುದಕ್ಕೆ ಈಚಿನ ಇತಿಹಾಸವೇ ಸಾಕ್ಷಿ. 1988ರಲ್ಲಿ ಸುಮಾರು 7 ಲಕ್ಷ ಪ್ರವಾಸಿಗಳು ಬಂದಿದ್ದ ಕಣಿವೆಯಲ್ಲಿ ಎರಡು ವರ್ಷಕ್ಕೆ ದೋಣಿಮನೆಗಳ ಬಾಗಿಲು ಹಾಕಿತ್ತು. ಉಗ್ರವಾದ, ಗುಂಡಿನ ಸದ್ದು, ಪಂಡಿತರ ವಲಸೆ, ಕರ್ಫ್ಯೂಗಳ ನಡುವೆ ಸುಮಾರು ಹದಿನೈದು ವರ್ಷ ಹೋದವು. 2014ರ ಸೆಪ್ಟೆಂಬರಿನ ಪ್ರವಾಹದಲ್ಲಿ ನಗರವೇ ಮುಳುಗಿದಾಗ ಎಷ್ಟೋ ದೋಣಿಮನೆಗಳು ನೀರಿನೊಂದಿಗೆ ಮೇಲೆದ್ದು ಜನರಿಗೆ ಆಸರೆಯಾದವು. ಶಿಕಾರದವರು ತಮ್ಮ ದೋಣಿಗಳಲ್ಲಿ ನೆರೆಹೊರೆಯವರನ್ನು ಸಾಗಿಸಿದರು. 2019ರ ಆಗಸ್ಟ್ 2ರಂದು ಪ್ರವಾಸಿಗಳು ಹೊರಡಬೇಕೆಂದು ಸರ್ಕಾರ ಸೂಚಿಸಿತು, ಅಕ್ಟೋಬರ್ 10ಕ್ಕೆ ಸೂಚನೆ ಹಿಂದೆಗೆಯಿತು. ಅಷ್ಟರಲ್ಲಿ ದಸರೆ ಕಳೆದಿತ್ತು. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿ 26 ಮಂದಿಯನ್ನು ಗುಂಡಿಕ್ಕಿ ಕೊಂದರು. ಸತ್ತವರಲ್ಲಿ ಕುಟುಂಬದೊಂದಿಗೆ ರಜೆಗೆ ಹೋಗಿದ್ದ ಕನ್ನಡಿಗರೂ ಇದ್ದರು. ಆ ಮನೆಗಳ ಮುಂದೆ ಪ್ರವಾಸೋದ್ಯಮದ ನಷ್ಟದ ಲೆಕ್ಕ ಬಹಳ ಸಣ್ಣದು. ಆದರೂ ಅದೇ ವಾರ ದಾಲ್ ದಂಡೆಯ ಹಾಂಜಿಗಳು ಅಂಗಡಿ ಮುಚ್ಚಿ, ಇದು ನಮ್ಮ ಹೆಸರಿನಲ್ಲಿ ಆಗಬಾರದೆಂದು ಬೀದಿಗಿಳಿದ ಕಾಶ್ಮೀರಿಗಳ ಜೊತೆ ನಿಂತಿದ್ದನ್ನೂ ಇತಿಹಾಸ ಬರೆದುಕೊಳ್ಳಬೇಕು.

ಇನ್ನೊಂದು ಅಪಾಯ ನಿಧಾನದ್ದು. ಸುತ್ತಲಿನ ನಗರದ ಚರಂಡಿ, ಬೆಟ್ಟದಿಂದ ಇಳಿಯುವ ಹೂಳು, ತೇಲುವ ತೋಟಗಳು ಮೆಲ್ಲಗೆ ನೆಲವಾಗುವುದು, ಇವೆಲ್ಲ ಸೇರಿ ದಾಲ್ ಕುಗ್ಗುತ್ತಿದೆ. ದೋಣಿಮನೆಗಳ ಕೊಳಚೆಯ ಪಾಲೂ ಅದರಲ್ಲಿದೆ, ಅದಕ್ಕಿಂತ ದೊಡ್ಡ ಪಾಲು ದಡದ ಊರಿನದು. ಸರೋವರ ಉಳಿಸಲು ಹೊಸ ದೋಣಿಮನೆ ಕಟ್ಟುವುದನ್ನು ದಶಕಗಳ ಹಿಂದೆಯೇ ನಿಲ್ಲಿಸಲಾಯಿತು. ದೇವದಾರು ದುಬಾರಿ, ರಿಪೇರಿಗೆ ಅನುಮತಿ ಸುಲಭವಲ್ಲ. ಒಂದು ಕಾಲಕ್ಕೆ ಸಾವಿರ ದಾಟಿದ್ದ ಸಂಖ್ಯೆ ಈಗ ಸುಮಾರು 900ರ ಆಸುಪಾಸು. 2023ರ ನವೆಂಬರ್ 11ರ ಬೆಳಗಿನ ಜಾವದ ಬೆಂಕಿಯಲ್ಲಿ ಐದು ದೋಣಿಮನೆಗಳು ಸುಟ್ಟು, ಬಾಂಗ್ಲಾದೇಶದ ಮೂವರು ಪ್ರವಾಸಿಗಳು ಸತ್ತರು. ನೂರು ವರ್ಷದ ಒಣ ಮರ, ಒಳಗೆ ಒಲೆ, ಪಕ್ಕದಲ್ಲೇ ಇನ್ನೊಂದು ದೋಣಿ: ಇಲ್ಲಿ ಸುತ್ತಲೂ ನೀರಿದ್ದರೂ ಬೆಂಕಿಯ ಭಯವೇ ದೊಡ್ಡದು.

2025ರ ಜೂನ್ 6ರಂದು ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ಉದ್ಘಾಟನೆಯಾಗಿ, ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡತೊಡಗಿತು. ಬಿಲ್ಹಣ ಊರೂರು ಅಲೆದು ದಾಟಿದ ದೂರವನ್ನು ಈಗ ರೈಲು ಬದಲಿಸುತ್ತ ಕೆಲವೇ ದಿನಗಳಲ್ಲಿ ಮುಗಿಸಬಹುದು. ದಾರಿ ಹೀಗೆ ಸುಲಭವಾಗುತ್ತಿರುವ ಹೊತ್ತಿನಲ್ಲೇ ತಂಗುವ ಮನೆ ಅಪರೂಪವಾಗುತ್ತಿದೆ. ನೆಲ ಕೊಡದ ಕಾನೂನಿನಿಂದ ಹುಟ್ಟಿದ ದೋಣಿಮನೆ, ನೀರು ಉಳಿಸುವ ಕಾನೂನಿನಿಂದ ಮುಪ್ಪಾಗುತ್ತಿದೆ. ಎರಡನೆಯ ಕಾನೂನನ್ನು ತಪ್ಪೆನ್ನುವಂತಿಲ್ಲ. ಸರೋವರವಿಲ್ಲದೆ ದೋಣಿಗೆ ಅರ್ಥವಿಲ್ಲ. ಆದರೆ ಹಲಗೆಯ ಆಚೆ ತುದಿಯಲ್ಲಿರುವ ಸಂಸಾರಕ್ಕೆ ಬೇರೆ ದಾರಿ ತೋರಿಸುವುದೂ ಆ ಉಳಿಸುವಿಕೆಯ ಲೆಕ್ಕದಲ್ಲೇ ಸೇರಬೇಕು. ಹರೂದ್ ಬಂದಾಗ ಅವರು ಇಂದಿಗೂ ಬದನೆ ಹೆಚ್ಚಿ ದಾರಕ್ಕೆ ಪೋಣಿಸುತ್ತಿದ್ದಾರೆ, ಈ ಸಲ ಎಷ್ಟು ಕೋಣೆ ತುಂಬೀತೆಂದು ದಡದತ್ತ ನೋಡುತ್ತ.