ಭೂದೃಶ್ಯದ ಛಾಯಾಚಿತ್ರಗಳಲ್ಲಿ ಮನುಷ್ಯರು: ಶಿವಮೊಗ್ಗ, ಭದ್ರಾವತಿ ಸೀಮೆಯ ಇತಿಹಾಸಕ್ಕೆ ಒಂದು ಟಿಪ್ಪಣಿ

ಹಳೆಯ ಛಾಯಾಚಿತ್ರಗಳನ್ನು ಇತಿಹಾಸದ ಆಧಾರಗಳೆಂದು ಪರಿಗಣಿಸುವವರು ಮೊದಲು ಒಂದು ಅಂಶವನ್ನು ಗಮನಿಸತಕ್ಕದ್ದು. ಚಿತ್ರದಲ್ಲಿ ಜನರು ಕಾಣದಿದ್ದ ಮಾತ್ರಕ್ಕೆ ಆ ಸ್ಥಳವು ನಿರ್ಜನವಾಗಿತ್ತೆಂದು ಹೇಳಲಾಗದು. 1865ರಲ್ಲಿ ಮೇಜರ್ ಡಿಕ್ಸನ್ ಬಳ್ಳಿಗಾವೆ ಮೊದಲಾದೆಡೆಯ ಶಾಸನಗಳ ಛಾಯಾಚಿತ್ರ ತೆಗೆದ ಕಾಲದಲ್ಲಿ ಗಾಜಿನ ಫಲಕವನ್ನು ಹಲವು ಸೆಕೆಂಡುಗಳವರೆಗೆ ಬೆಳಕಿಗೆ ಒಡ್ಡಬೇಕಾಗಿತ್ತು. ಅಲುಗದ ಶಿಲೆ ಸ್ಫುಟವಾಗಿ ಮೂಡುತ್ತಿತ್ತು. ಎದುರಿಗೆ ನಡೆದುಹೋದವನು ಅಳಿಸಿಹೋಗುತ್ತಿದ್ದನು.

ಬೇಕೆಂದೇ ನಿಲ್ಲಿಸಿದ ಮನುಷ್ಯನಾದರೂ ಬಹುಮಟ್ಟಿಗೆ ಅಳತೆಗೋಲು ಮಾತ್ರ. ಜೋಗದ 830 ಅಡಿಗಳ ಎತ್ತರವನ್ನು ಕಣ್ಣಿಗೆ ತಂದುಕೊಡಲು ಅವನು ಬೇಕು. (ಕ್ಯಾಮರಾದ ಸಮೀಪದಲ್ಲಿ ನಿಂತನೋ, ಆ ಅಳತೆಯೂ ಸುಳ್ಳೇ.) ಚಿತ್ರದ ಕೆಳಗೆ ಜಲಪಾತದ ಹೆಸರಿರುತ್ತದೆ, ಅವನದಿರುವುದಿಲ್ಲ.

ಭದ್ರಾವತಿಯ ವಿಷಯದಲ್ಲಿ ಈ ಲೋಪವು ಹೆಚ್ಚು ಗಂಭೀರವಾದುದು. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಉತ್ಪಾದನೆ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂದಿತು. ಊದುಕುಲುಮೆಗೆ ಬೇಕಾದ ಇದ್ದಿಲು ಸುತ್ತಣ ಕಾಡಿನ ಮರದಿಂದ ಆಯಿತು. ಎಂದರೆ ಆ ಬೆಟ್ಟಸಾಲುಗಳ ರೂಪವನ್ನೇ ಮರ ಕಡಿದವರೂ ಅದಿರು ಅಗೆದವರೂ ಬದಲಾಯಿಸಿದರು. ಅವರನ್ನು ಹೊರಗಿಟ್ಟು ತೆಗೆದ ಚಿತ್ರವು ಸುಂದರವಾಗಿರಬಹುದು. ಆದರೆ ಅದು ಕಾರ್ಯವನ್ನು ತೋರಿಸಿ ಕಾರಣವನ್ನು ಮರೆಮಾಡುತ್ತದೆ. ಕೊಡಲಿಯ ಆಕಾರ, ತಲೆಯ ಮೇಲಿನ ಬುಟ್ಟಿ, ಉಡುಪು, ಕೂಲಿಯಾಳುಗಳ ನಡುವೆ ಹೆಂಗಸರು ಮಕ್ಕಳು ಇದ್ದರೇ ಎಂಬುದು, ಇವೆಲ್ಲ ಉತ್ಪಾದನೆಯ ಅಂಕಿಸಂಖ್ಯೆಗಳಲ್ಲಿ ದೊರೆಯತಕ್ಕ ಸಂಗತಿಗಳಲ್ಲ. ಕಾರ್ಖಾನೆಯಲ್ಲಿ ದುಡಿದ ಹಳೆಯ ಮನೆತನಗಳಲ್ಲಿ ಇಂತಹ ಚಿತ್ರಗಳು ದೊರೆತರೆ, ಹಿಂಬದಿಯ ಬರಹವನ್ನು ನಕಲು ಮಾಡಿಕೊಂಡು, ಗುರುತಿಸಬಲ್ಲ ಹಿರಿಯರಿರುವಾಗಲೇ ವಿದ್ಯಾರ್ಥಿಗಳು ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದಿಡಬೇಕು.