ಸಣ್ಣ ತಳಿಯ ನಾಯಿಗಳಲ್ಲಿ ಕಣ್ಣೀರು ಸೋರುವಿಕೆ: ಪಶುವೈದ್ಯರನ್ನು ಯಾವಾಗ ಕಾಣಬೇಕು?

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಂತಹ ರಾಗಿ ಬೆಳೆಯುವ ಹೋಬಳಿಗಳಲ್ಲಿ ಒಕ್ಕಣೆಯ ದಿನಗಳಲ್ಲಿ ಕಣದ ಸುತ್ತ ಧೂಳು ಮತ್ತು ಹೊಟ್ಟು ಹರಡಿರುತ್ತವೆ. ರೈತರ ಮನೆಗಳಲ್ಲಿ ಸಾಕಿದ ಪೊಮೇರಿಯನ್, ಪಗ್ ಮುಂತಾದ ಸಣ್ಣ ನಾಯಿಗಳು ನೆಲಕ್ಕೆ ಸಮೀಪದಲ್ಲಿ ಓಡಾಡುವುದರಿಂದ ಇವು ಸುಲಭವಾಗಿ ಅವುಗಳ ಕಣ್ಣಿಗೆ ಬೀಳುತ್ತವೆ. ಕಣ್ಣೀರು ಸೋರುವುದು ಸ್ವತಃ ರೋಗವಲ್ಲ, ಅದೊಂದು ಲಕ್ಷಣ. ಕಾರಣವನ್ನು ಗುರುತಿಸುವುದೇ ಮುಖ್ಯ.

ಕಾರಣಗಳು
• ಧೂಳು, ಹೊಗೆ, ಹುಲ್ಲಿನ ಮುಳ್ಳು ಅಥವಾ ಬೀಜ ಕಣ್ಣಿಗೆ ಬೀಳುವುದು.
• ಕಣ್ಣೀರು ಮೂಗಿಗೆ ಹರಿಯುವ ನಾಳ ಕಿರಿದಾಗಿರುವುದು ಅಥವಾ ಕಟ್ಟಿಕೊಳ್ಳುವುದು. ಕಣ್ಣೀರಿನಲ್ಲಿರುವ ವರ್ಣದ್ರವ್ಯದಿಂದ ಬಿಳಿ ಕೂದಲಿನ ಮೇಲೆ ಕೆಂಗಂದು ಕಲೆ ಮೂಡುತ್ತದೆ.
• ರೆಪ್ಪೆ ಒಳಕ್ಕೆ ಮಡಚಿಕೊಂಡು ಕೂದಲು ಕಣ್ಣಿಗೆ ಉಜ್ಜುವುದು.
• ಕಣ್ಣಿನ ಪಾರದರ್ಶಕ ಪಟಲದ ಹುಣ್ಣು. ಪಗ್ ತಳಿಯಲ್ಲಿ ಕಣ್ಣುಗಳು ಹೊರಚಾಚಿರುವುದರಿಂದ ಅಪಾಯ ಹೆಚ್ಚು.
• ಲಸಿಕೆ ಹಾಕಿಸದ ಮರಿಗಳಲ್ಲಿ ಡಿಸ್ಟೆಂಪರ್ ರೋಗ. ಇದರಲ್ಲಿ ಜ್ವರ, ಕೆಮ್ಮು ಮತ್ತು ಮೂಗಿನಲ್ಲಿ ಸುರಿತವೂ ಇರುತ್ತದೆ.

ಮನೆಯಲ್ಲಿ ಆರೈಕೆ
ಎರಡೂ ಕಣ್ಣುಗಳಲ್ಲಿ ತಿಳಿನೀರು ಮಾತ್ರ ಬರುತ್ತಿದ್ದು, ನಾಯಿ ಕಣ್ಣು ಪೂರ್ತಿ ತೆರೆದು ಚುರುಕಾಗಿದ್ದರೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಹತ್ತಿಯಿಂದ ಕಣ್ಣಿನ ಸುತ್ತ ಒರೆಸಿರಿ. ಪ್ರತಿ ಕಣ್ಣಿಗೂ ಬೇರೆ ಹತ್ತಿ ಬಳಸಿರಿ. ಒಕ್ಕಣೆಯ ಸ್ಥಳದಿಂದ ನಾಯಿಯನ್ನು ದೂರವಿಡಿರಿ. 2 ದಿನಗಳಲ್ಲಿ ಕಡಿಮೆಯಾಗದಿದ್ದರೆ ಪಶುವೈದ್ಯರಿಗೆ ತೋರಿಸಿರಿ.

ಅದೇ ದಿನ ಪಶುವೈದ್ಯರನ್ನು ಕಾಣಬೇಕಾದ ಸಂದರ್ಭಗಳು
• ಒಂದೇ ಕಣ್ಣಿನಲ್ಲಿ ಹಠಾತ್ತಾಗಿ ನೀರು ಸುರಿಯುವುದು.
• ಕಣ್ಣು ಮುಚ್ಚಿಕೊಳ್ಳುವುದು, ಪಂಜದಿಂದ ಉಜ್ಜಿಕೊಳ್ಳುವುದು, ಬೆಳಕಿಗೆ ಹೆದರುವುದು.
• ಹಳದಿ ಅಥವಾ ಹಸಿರು ಗೀಜು ಬರುವುದು.
• ಕಣ್ಣು ಮಸುಕಾಗುವುದು, ಊದಿಕೊಳ್ಳುವುದು, ಕೆಂಪಾಗುವುದು ಅಥವಾ ದೃಷ್ಟಿ ಕುಂದುವುದು.

ಹುಣ್ಣು ಆಳವಾದರೆ ಕಣ್ಣು ತೂತಾಗಿ ದೃಷ್ಟಿಯೇ ನಷ್ಟವಾಗಬಹುದು.

ಕೀಟನಾಶಕದಿಂದ ಅಪಾಯ
ಸಿಂಪಡಣೆಯಾದ ಹೊಲ ಅಥವಾ ತೋಟಕ್ಕೆ ಹೋಗಿಬಂದ ನಾಯಿಯಲ್ಲಿ ಕಣ್ಣೀರಿನ ಜೊತೆಗೆ ಜೊಲ್ಲು, ವಾಂತಿ, ಭೇದಿ, ನಡುಕ ಅಥವಾ ಏದುಸಿರು ಕಂಡುಬಂದರೆ ಅದನ್ನು ಕಣ್ಣಿನ ತೊಂದರೆಯೆಂದು ಭಾವಿಸಬಾರದು. ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕದ ವಿಷಬಾಧೆಯಲ್ಲಿ ಈ ಲಕ್ಷಣಗಳು ಕಾಣುತ್ತವೆ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಔಷಧಿಯ ಡಬ್ಬಿ ಅಥವಾ ಚೀಟಿಯನ್ನು ಜೊತೆಗೆ ಕೊಂಡೊಯ್ಯಿರಿ. ಕೀಟನಾಶಕ ಅಥವಾ ಸುಣ್ಣ ನೇರವಾಗಿ ಕಣ್ಣಿಗೆ ಬಿದ್ದಿದ್ದರೆ ಮೊದಲು 15 ನಿಮಿಷ ಶುದ್ಧ ನೀರನ್ನು ನಿಧಾನವಾಗಿ ಹರಿಸಿ ತೊಳೆಯಿರಿ. ಈ ಕೆಲಸಕ್ಕೆ ಕೈಗವಸು ಧರಿಸಿರಿ.

ಮಾಡಬಾರದ ಕೆಲಸಗಳು
ಮನುಷ್ಯರ ಕಣ್ಣಿನ ಹನಿಗಳು, ಹರಳೆಣ್ಣೆ, ಎದೆಹಾಲು ಅಥವಾ ಸೊಪ್ಪಿನ ರಸವನ್ನು ಹಾಕಬೇಡಿರಿ. ಸ್ಟೆರಾಯ್ಡ್ ಇರುವ ಹನಿಗಳು ಕಣ್ಣಿನ ಹುಣ್ಣನ್ನು ಉಲ್ಬಣಗೊಳಿಸುತ್ತವೆ. ಚುಚ್ಚಿಕೊಂಡ ಮುಳ್ಳನ್ನು ಕೀಳಲು ಯತ್ನಿಸಬೇಡಿರಿ.

ಮೊದಲು ಸಮೀಪದ ಸರ್ಕಾರಿ ಪಶು ಆಸ್ಪತ್ರೆಯನ್ನು ಸಂಪರ್ಕಿಸಿರಿ. ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ, ವೈದ್ಯರ ಸಲಹೆಯಂತೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಕರೆದೊಯ್ಯಬಹುದು.